ಕಿಡ್ನಿ ಕಾಯಿಲೆಯವರ ಹೊಟ್ಟೆಯೊಳಗೆ ರಕ್ತ ಸೋರಿದಾಗ: ಅದೇ ಅಂಕಿ, ಬೇರೆ ಅರ್ಥ

ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಬರುವುದು, ಕಾಫಿಪುಡಿಯ ಬಣ್ಣದ ವಾಂತಿಯಾಗುವುದು, ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಕವಿಯುವುದು, ಇವು ಜೀರ್ಣಾಂಗದೊಳಗೆ ರಕ್ತ ಸೋರುತ್ತಿರುವುದರ ಪರಿಚಿತ ಲಕ್ಷಣಗಳು. ಚಿಕಿತ್ಸೆಯ ದಾರಿಯೂ ಬಹುಮಟ್ಟಿಗೆ ನಿಶ್ಚಿತವಾದುದೇ. ರೋಗಿಯ ಕುಸಿದ ರಕ್ತದೊತ್ತಡವನ್ನು ಸರಿಪಡಿಸಿ, ಬೇಕಿದ್ದರೆ ರಕ್ತ ಕೊಟ್ಟು, ಜಠರದ ಆಮ್ಲವನ್ನು ತಗ್ಗಿಸುವ ಔಷಧ ಆರಂಭಿಸಿ, ಸಾಮಾನ್ಯವಾಗಿ 24 ಗಂಟೆಯೊಳಗೆ ಎಂಡೋಸ್ಕೋಪಿ ಮಾಡಿ ಸೋರುವ ಜಾಗವನ್ನು ಮುಚ್ಚುತ್ತಾರೆ. ಅದೇ ರೋಗಿಗೆ ವರ್ಷಗಳಿಂದ ಮೂತ್ರಪಿಂಡದ ಕಾಯಿಲೆಯೂ ಇದ್ದರೆ ಈ ದಾರಿಯ ಪ್ರತಿ ತಿರುವಿನಲ್ಲೂ ಲೆಕ್ಕ ಬದಲಾಗುತ್ತದೆ. ಅಂಥವರಲ್ಲಿ ರಕ್ತಸ್ರಾವ ಹೆಚ್ಚಾಗಿ ಆಗುತ್ತದೆ, ನಿಂತದ್ದು ಮತ್ತೆ ಶುರುವಾಗುವ ಸಾಧ್ಯತೆ ಹೆಚ್ಚು, ಆಸ್ಪತ್ರೆವಾಸ ದೀರ್ಘ, ಸಾವಿನ ಪ್ರಮಾಣವೂ ಅಧಿಕ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಇದಕ್ಕೆ ‘ಕಿಡ್ನಿಯೂ ಹಾಳಾಗಿದೆ, ಹಾಗಾಗಿ ಅಪಾಯ ಜಾಸ್ತಿ’ ಎಂದು ಹೇಳಿ ಕೈತೊಳೆದುಕೊಂಡರೆ ವಿಷಯ ಅರ್ಥವಾಗುವುದಿಲ್ಲ. ಮೂತ್ರಪಿಂಡದ ಕಾಯಿಲೆ ರಕ್ತ ಸೋರುವುದಕ್ಕೆ ಕಾರಣವನ್ನು ಒದಗಿಸುತ್ತದೆ, ಸೋರಿಕೆಯನ್ನು ಗುರುತಿಸುವ ಸುಳಿವುಗಳನ್ನು ಮಸುಕುಗೊಳಿಸುತ್ತದೆ, ಅದನ್ನು ಅಳೆಯುವ ಅಂಕಿಗಳ ಅರ್ಥವನ್ನೇ ಬದಲಿಸುತ್ತದೆ, ಕೊನೆಗೆ ಪ್ರತಿಯೊಂದು ಚಿಕಿತ್ಸೆಗೂ ಒಂದು ಹೆಚ್ಚುವರಿ ಬೆಲೆ ಕಟ್ಟುತ್ತದೆ.

ಮೂತ್ರಪಿಂಡಗಳು ನಿಮಿಷಕ್ಕೆ ಎಷ್ಟು ದ್ರವ ಸೋಸುತ್ತವೆ ಎಂಬ ಅಂದಾಜನ್ನು ವೈದ್ಯರು ಇಜಿಎಫ್‌ಆರ್ ಎಂದು ಬರೆಯುತ್ತಾರೆ. ಅದು 3 ತಿಂಗಳಿಗೂ ಮೀರಿ 60ಕ್ಕಿಂತ ಕೆಳಗೇ ಉಳಿದರೆ, ಅಥವಾ ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು ಸೋರುವಂಥ ಹಾನಿಯ ಗುರುತು ಅಷ್ಟು ಕಾಲ ಮುಂದುವರಿದರೆ ಅದು ದೀರ್ಘಕಾಲದ ಮೂತ್ರಪಿಂಡ ಕಾಯಿಲೆ. ಇಜಿಎಫ್‌ಆರ್ 15ಕ್ಕಿಂತ ಕೆಳಗಿಳಿದರೆ 5ನೆಯ, ಅಂದರೆ ಕೊನೆಯ ಹಂತ. ನಮ್ಮಲ್ಲಿ ಇದಕ್ಕೆ ಮುಖ್ಯ ಕಾರಣಗಳು ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ. ಹೊಟ್ಟೆಯೊಳಗಿನ ರಕ್ತಸ್ರಾವ ಡಯಾಲಿಸಿಸ್‌ನವರ ಸಮಸ್ಯೆ ಎಂದು ಅನೇಕರು ತಿಳಿದಿರುತ್ತಾರೆ. ಡಯಾಲಿಸಿಸ್‌ನಲ್ಲಿರುವವರಿಗೆ ಅಪಾಯ ಅತಿ ಹೆಚ್ಚು ಎಂಬುದು ನಿಜವಾದರೂ, ಸೋಸುವ ಶಕ್ತಿ ಕುಗ್ಗುತ್ತಾ ಹೋದಂತೆ ಅದು ಅದಕ್ಕೂ ಮೊದಲೇ ಏರತೊಡಗಿರುತ್ತದೆ.

ರಕ್ತ ಸುಲಭವಾಗಿ ಸೋರುವುದೇಕೆ ಎಂಬ ಪ್ರಶ್ನೆಗೆ ಉತ್ತರ ಪ್ಲೇಟ್‌ಲೆಟ್‌ಗಳಲ್ಲಿದೆ. ರಕ್ತನಾಳದ ಗೋಡೆ ಹರಿದಾಗ ಮೊದಲು ಅಲ್ಲಿಗೆ ಅಂಟಿಕೊಂಡು, ಒಂದಕ್ಕೊಂದು ಹೆಣೆದುಕೊಂಡು ತೂತನ್ನು ಮುಚ್ಚುವ ಕಣಗಳು ಇವು. ಗೋಡೆಗೂ ಪ್ಲೇಟ್‌ಲೆಟ್‌ಗೂ ನಡುವೆ ಕೊಂಡಿಯಾಗುವುದು ವಾನ್ ವಿಲ್ಲೆಬ್ರಾಂಡ್ ಅಂಶ ಎಂಬ ದೊಡ್ಡ ಪ್ರೋಟೀನು. ಮೂತ್ರಪಿಂಡಗಳು ಸೋಸಿ ಹೊರಹಾಕಬೇಕಾದ ತ್ಯಾಜ್ಯಗಳು ರಕ್ತದಲ್ಲಿ ಉಳಿದಾಗ ಈ ಕೊಂಡಿ ಸರಿಯಾಗಿ ಕೂಡುವುದಿಲ್ಲ. ಗ್ವಾನಿಡಿನೋಸಕ್ಸಿನಿಕ್ ಆಮ್ಲದಂಥ ಕೆಲವು ತ್ಯಾಜ್ಯಗಳು ನೈಟ್ರಿಕ್ ಆಕ್ಸೈಡ್ ಉತ್ಪಾದನೆಯನ್ನು ಹೆಚ್ಚಿಸಿ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತವೆ. ಇಲ್ಲಿ ಗಮನಿಸಬೇಕಾದ ಸಂಗತಿ ಎಂದರೆ ಲ್ಯಾಬ್ ವರದಿಯಲ್ಲಿ ಪ್ಲೇಟ್‌ಲೆಟ್‌ಗಳ ಸಂಖ್ಯೆ ಬಹುತೇಕ ಸರಿಯಾಗಿಯೇ ಇರುತ್ತದೆ. ರಕ್ತ ಹೆಪ್ಪುಗಟ್ಟುವ ಸಮಯ ಅಳೆಯುವ ಪಿಟಿ, ಎಪಿಟಿಟಿ ಪರೀಕ್ಷೆಗಳೂ ಸಾಮಾನ್ಯವಾಗಿ ಸರಿಯಾಗಿರುತ್ತವೆ. ಎಣಿಕೆಯಲ್ಲಿ ಕೊರತೆಯಿಲ್ಲ, ಕೆಲಸದಲ್ಲಿ ಕೊರತೆ. ಹಾಗಾಗಿ ‘ರಿಪೋರ್ಟ್ ಎಲ್ಲ ನಾರ್ಮಲ್, ರಕ್ತ ಮಾತ್ರ ನಿಲ್ಲುತ್ತಿಲ್ಲ’ ಎಂಬ ಮನೆಯವರ ಗೊಂದಲದಲ್ಲಿ ಅಸಹಜವಾದುದೇನೂ ಇಲ್ಲ.

ಇದಕ್ಕೆ ರಕ್ತಹೀನತೆಯೂ ಸೇರಿಕೊಳ್ಳುತ್ತದೆ. ಕೆಂಪು ರಕ್ತಕಣಗಳನ್ನು ತಯಾರಿಸಲು ಮೂಳೆಮಜ್ಜೆಗೆ ಸೂಚನೆ ಕೊಡುವ ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನು ಮುಖ್ಯವಾಗಿ ಮೂತ್ರಪಿಂಡದಲ್ಲೇ ತಯಾರಾಗುತ್ತದೆ. ಮೂತ್ರಪಿಂಡ ಸೋತಾಗ ಹಾರ್ಮೋನು ಕಡಿಮೆಯಾಗಿ ಹಿಮೋಗ್ಲೋಬಿನ್ ಇಳಿಯುತ್ತದೆ. ಕೆಂಪು ಕಣಗಳಿಗೂ ರಕ್ತ ನಿಲ್ಲುವುದಕ್ಕೂ ಏನು ಸಂಬಂಧ ಎಂದು ಕೇಳಬಹುದು. ತೇರಿನ ಬೀದಿಯಲ್ಲಿ ನಡುವೆ ಜನ ಕಿಕ್ಕಿರಿದಾಗ ಸಣ್ಣ ಮಕ್ಕಳು ಅಂಗಡಿ ಜಗಲಿಯ ಅಂಚಿಗೆ ತಳ್ಳಲ್ಪಡುವ ಹಾಗೆ, ರಕ್ತನಾಳದ ನಡುವೆ ಹರಿಯುವ ಕೆಂಪು ಕಣಗಳು ಪುಟ್ಟ ಪ್ಲೇಟ್‌ಲೆಟ್‌ಗಳನ್ನು ಗೋಡೆಯ ಕಡೆಗೆ ದೂಡುತ್ತವೆ, ಗಾಯವಾಗುವುದೂ ಗೋಡೆಯಲ್ಲೇ. ಕೆಂಪು ಕಣಗಳು ವಿರಳವಾದರೆ ಪ್ಲೇಟ್‌ಲೆಟ್‌ಗಳು ನಡುವಿನಲ್ಲೇ ಹರಿದುಹೋಗುತ್ತವೆ. ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇ 30ಕ್ಕಿಂತ ಮೇಲೇರಿದಾಗ, ಬೇರೇನನ್ನೂ ಬದಲಿಸದಿದ್ದರೂ, ಇಂಥ ರೋಗಿಗಳಲ್ಲಿ ರಕ್ತ ನಿಲ್ಲುವ ಗುಣ ಸುಧಾರಿಸುವುದನ್ನು ವೈದ್ಯರು ಗಮನಿಸಿದ್ದಾರೆ. ಎರಿಥ್ರೋಪೊಯೆಟಿನ್ ಇಂಜೆಕ್ಷನ್ ಸುಸ್ತು ಕಳೆಯುವುದಕ್ಕಷ್ಟೇ ಅಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಇಷ್ಟೇ ಆಗಿದ್ದರೆ ಲೆಕ್ಕ ಸರಳವಿತ್ತು. ಆದರೆ ಇದೇ ರೋಗಿಗಳಲ್ಲಿ ಹೃದಯ ಮತ್ತು ಮಿದುಳಿನ ರಕ್ತನಾಳಗಳು ಕಟ್ಟಿಕೊಳ್ಳುವ ಅಪಾಯವೂ ಹೆಚ್ಚು. ಹೀಗಾಗಿ ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ನುಂಗುತ್ತಿರುತ್ತಾರೆ, ಹೃದಯದ ಲಯ ತಪ್ಪಿದವರು ರಕ್ತ ತೆಳುಗೊಳಿಸುವ ಔಷಧದಲ್ಲಿರುತ್ತಾರೆ. ಈ ಔಷಧಗಳಲ್ಲಿ ಕೆಲವು ದೇಹದಿಂದ ಹೊರಹೋಗುವುದೇ ಮೂತ್ರಪಿಂಡದ ಮೂಲಕ. ಡಾಬಿಗಾಟ್ರಾನ್ ಸುಮಾರು ಶೇ 80ರಷ್ಟು ಆ ದಾರಿಯಲ್ಲೇ ಹೋಗುತ್ತದೆ, ಎನಾಕ್ಸಪಾರಿನ್ ಇಂಜೆಕ್ಷನ್ನಿನದೂ ಬಹುಪಾಲು ಅದೇ ಕಥೆ. ಮೂತ್ರಪಿಂಡ ಕೆಲಸ ಮಾಡದಿದ್ದಾಗ ಮಾಮೂಲಿ ಪ್ರಮಾಣವೇ ರಕ್ತದಲ್ಲಿ ಶೇಖರವಾಗಿ ಅತಿಯಾಗುತ್ತದೆ. ಹಿಮೋಡಯಾಲಿಸಿಸ್ ಯಂತ್ರದ ಕೊಳವೆಗಳಲ್ಲಿ ರಕ್ತ ಗಟ್ಟಿಯಾಗದಿರಲೆಂದು ವಾರಕ್ಕೆ ಎರಡು ಮೂರು ಬಾರಿ ಕೊಡುವ ಹೆಪಾರಿನ್ ಇದರ ಮೇಲಿನ ಸೇರ್ಪಡೆ.

ಈ ಪಟ್ಟಿಯಲ್ಲಿ ನನ್ನ ಮಟ್ಟಿಗೆ ಅತ್ಯಂತ ಬೇಸರ ತರಿಸುವುದು ನೋವಿನ ಮಾತ್ರೆ, ಏಕೆಂದರೆ ಅದನ್ನು ತಪ್ಪಿಸುವುದು ಸಾಧ್ಯವಿತ್ತು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಗುಂಪಿನ ಮಾತ್ರೆಗಳು ದೇಹದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳ ತಯಾರಿಕೆಯನ್ನು ತಡೆದು ನೋವು ಕಡಿಮೆ ಮಾಡುತ್ತವೆ ಎಂದು 1971ರಲ್ಲಿ ಬ್ರಿಟನ್ನಿನ ಜಾನ್ ವೇನ್ ತೋರಿಸಿಕೊಟ್ಟರು. ಅದೇ ರಾಸಾಯನಿಕಗಳು ಜಠರದ ಒಳಪದರಕ್ಕೆ ಲೋಳೆಯ ಕಾಪು ಕೊಡುತ್ತವೆ, ಸೋಲುತ್ತಿರುವ ಮೂತ್ರಪಿಂಡಕ್ಕೆ ರಕ್ತ ತರುವ ನಾಳವನ್ನು ಹಿಗ್ಗಿಸಿಟ್ಟಿರುತ್ತವೆ. ಮಂಡಿನೋವಿಗೆಂದು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಂಡ ಒಂದೇ ಮಾತ್ರೆ ಜಠರದ ಕಾಪನ್ನೂ ಮೂತ್ರಪಿಂಡದ ರಕ್ತವನ್ನೂ ಒಟ್ಟಿಗೇ ಕಸಿಯುತ್ತದೆ. ಇಂಜೆಕ್ಷನ್ ಚುಚ್ಚಿಸಿಕೊಂಡರೆ ಹೊಟ್ಟೆಗೆ ತೊಂದರೆಯಿಲ್ಲ ಎಂಬ ನಂಬಿಕೆ ತಪ್ಪು. ಹಾನಿಯಾಗುವುದು ಮಾತ್ರೆ ಹೊಟ್ಟೆಗೆ ತಾಗುವುದರಿಂದ ಮಾತ್ರವಲ್ಲ, ರಕ್ತದ ಮೂಲಕವೂ ಆಗುತ್ತದೆ.

ರಕ್ತ ಸೋರುವ ಜಾಗಗಳಲ್ಲಿ ಜಠರದ ಮತ್ತು ಸಣ್ಣ ಕರುಳಿನ ಮೊದಲ ಭಾಗದ ಹುಣ್ಣುಗಳು ಎಲ್ಲರಂತೆ ಇವರಲ್ಲೂ ಪ್ರಮುಖವಾದವು. ಇವರಲ್ಲಿ ವಿಶೇಷವಾಗಿ ಕಾಣುವುದು ಆಂಜಿಯೊಡಿಸ್ಪ್ಲಾಸಿಯಾ, ಅಂದರೆ ಕರುಳಿನ ಒಳಪದರದಲ್ಲಿ ಹಿಗ್ಗಿ, ಗೋಡೆ ತೆಳುವಾಗಿ, ಜಾಲದಂತೆ ಹರಡಿಕೊಂಡ ಸೂಕ್ಷ್ಮ ರಕ್ತನಾಳಗಳು. ಎಂಡೋಸ್ಕೋಪಿಯ ಪರದೆಯ ಮೇಲೆ ಅದು ಕೆಲವೇ ಮಿಲಿಮೀಟರ್ ಅಗಲದ, ಕಡುಗೆಂಪಿನ, ಅಂಚಿನಲ್ಲಿ ಕವಲೊಡೆದ ಚುಕ್ಕೆಯಾಗಿ ಕಾಣುತ್ತದೆ. ಆರ್ಗಾನ್ ಅನಿಲದ ಮೂಲಕ ವಿದ್ಯುತ್ ಹಾಯಿಸಿ ಅದನ್ನು ಸುಟ್ಟು ಮುಚ್ಚುತ್ತಾರೆ. ತೊಡಕೆಂದರೆ ಇಂಥ ಚುಕ್ಕೆಗಳು ಹಲವು ಇರುತ್ತವೆ. ಒಂದನ್ನು ಮುಚ್ಚಿದ ಕೆಲ ತಿಂಗಳಿಗೆ ಇನ್ನೊಂದು ಸೋರತೊಡಗುತ್ತದೆ. ಕೆಲವು ಸಣ್ಣ ಕರುಳಿನ ನಡುಭಾಗದಲ್ಲಿದ್ದು ಮಾಮೂಲಿ ಎಂಡೋಸ್ಕೋಪಿಗೂ, ದೊಡ್ಡ ಕರುಳನ್ನು ನೋಡುವ ಕೊಲೊನೋಸ್ಕೋಪಿಗೂ ಎಟುಕುವುದಿಲ್ಲ, ಆಗ ನುಂಗುವ ಕ್ಯಾಪ್ಸೂಲ್ ಕ್ಯಾಮೆರಾ ಬೇಕಾಗುತ್ತದೆ. ಇದರ ಜೊತೆಗೆ, ಡಯಾಲಿಸಿಸ್ ನಡೆಯುವಾಗ ರಕ್ತದೊತ್ತಡ ತೀರಾ ಕುಸಿದು ಕರುಳಿಗೆ ರಕ್ತ ಸಾಲದೆ ಹೊಟ್ಟೆನೋವು, ರಕ್ತಮಲ ಕಾಣಿಸಿಕೊಳ್ಳುವುದುಂಟು. ಅದು ಹುಣ್ಣಿನ ಕಾಯಿಲೆಯಲ್ಲ, ಅದರ ಚಿಕಿತ್ಸೆಯ ದಾರಿಯೂ ಬೇರೆ.

ಇನ್ನು ಗುರುತಿಸುವ ವಿಷಯಕ್ಕೆ ಬರೋಣ. ಮೂತ್ರಪಿಂಡ ರೋಗಿಗಳಲ್ಲಿ ಅನೇಕರು ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ, ಅದರಿಂದ ಮಲ ಕಪ್ಪಾಗುತ್ತದೆ. ಕಬ್ಬಿಣದ ಕಪ್ಪು ಹಸಿರು ಛಾಯೆಯದು, ಮಲ ಗಟ್ಟಿಯಾಗಿಯೇ ಇರುತ್ತದೆ. ರಕ್ತದ ಕಪ್ಪು ಹೊಳೆಯುತ್ತದೆ, ಜಿಗುಟಾಗಿ ಅಂಟುತ್ತದೆ, ಒಮ್ಮೆ ಮೂಗಿಗೆ ಬಡಿದರೆ ಮರೆಯಲಾಗದ ದುರ್ವಾಸನೆ ಅದಕ್ಕಿರುತ್ತದೆ. ಆದರೂ ‘ಮಾತ್ರೆಯಿಂದ ಕಪ್ಪಾಗಿದೆ’ ಎಂದುಕೊಂಡು ವಾರಗಟ್ಟಲೆ ಸುಮ್ಮನಿರುವವರು ಸಾಕಷ್ಟು ಮಂದಿ. ರಕ್ತ ಕಳೆದುಕೊಂಡಾಗ ನಾಡಿ ವೇಗವಾಗಬೇಕು, ಆದರೆ ರಕ್ತದೊತ್ತಡಕ್ಕೆಂದು ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಲ್ಲಿ ನಾಡಿ ಏರುವುದಿಲ್ಲ. ರಕ್ತದೊತ್ತಡ 110 ಇದ್ದರೆ ನೋಡಿದವರಿಗೆ ಸಮಾಧಾನವಾಗುತ್ತದೆ, ದಿನವೂ 170 ಇರುತ್ತಿದ್ದವರಿಗೆ ಅದು ಕುಸಿತವೇ. ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಘಟಕದ ಟೆಕ್ನಿಷಿಯನ್ನಿಗೆ ಮೊದಲು ಕಾಣುವ ಸುಳಿವು ಬಹಳ ಸಲ ಕಪ್ಪು ಮಲವಲ್ಲ, ಯಾವತ್ತೂ ತಾಳಿಕೊಳ್ಳುತ್ತಿದ್ದ ರೋಗಿಗೆ ಯಂತ್ರ ಹಚ್ಚಿದ ಅರ್ಧ ಗಂಟೆಯಲ್ಲೇ ಒತ್ತಡ ಇಳಿಯುವುದು. ಎರಿಥ್ರೋಪೊಯೆಟಿನ್ ಪ್ರಮಾಣವನ್ನು ಏರಿಸುತ್ತಾ ಹೋದರೂ ಹಿಮೋಗ್ಲೋಬಿನ್ ಮೇಲೇಳದಿರುವುದು ಅಂಥದ್ದೇ ಇನ್ನೊಂದು ಸುಳಿವು.

ಅಂಕಿಗಳ ಗೋಜಲು ಇನ್ನೂ ಕುತೂಹಲಕರವಾದುದು. ರಕ್ತದಲ್ಲಿ ಪ್ರೋಟೀನ್ ಧಾರಾಳವಾಗಿದೆ. ಆರೋಗ್ಯವಂತರ ಅರ್ಧ ಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ ಮತ್ತು ಉಳಿದ ಪ್ರೋಟೀನುಗಳು ಸೇರಿ ಸುಮಾರು 90 ಗ್ರಾಂ ಇರುತ್ತವೆ. ಜಠರದಲ್ಲಿ ಸೋರಿದ ರಕ್ತ ಕರುಳಿನಲ್ಲಿ ಮಾಂಸಾಹಾರದಂತೆಯೇ ಜೀರ್ಣವಾಗಿ, ಯಕೃತ್ತಿನಲ್ಲಿ ಯೂರಿಯಾ ಆಗಿ ಮಾರ್ಪಡುತ್ತದೆ. ಹಾಗಾಗಿ ಮೂತ್ರಪಿಂಡ ಹೊರಹಾಕುವ ಇನ್ನೊಂದು ತ್ಯಾಜ್ಯವಾದ ಕ್ರಿಯಾಟಿನಿನ್ ಹೆಚ್ಚದೆ ಯೂರಿಯಾ ಮಾತ್ರ ಏರಿದ್ದರೆ ಸೋರಿಕೆ ಮೇಲ್ಭಾಗದಲ್ಲಿ ಇರಬಹುದು ಎಂದು ವೈದ್ಯರು ಊಹಿಸುತ್ತಾರೆ. ಮೂತ್ರಪಿಂಡ ರೋಗಿಯಲ್ಲಿ ಎರಡೂ ಮೊದಲೇ ಏರಿರುವುದರಿಂದ ಈ ಊಹೆಗೆ ಆಧಾರ ತಪ್ಪುತ್ತದೆ. 2000ದಲ್ಲಿ ಪ್ರಕಟವಾದ ಗ್ಲಾಸ್ಗೋ ಬ್ಲಾಚ್‌ಫೋರ್ಡ್ ಅಂಕಪಟ್ಟಿಯನ್ನೇ ನೋಡಿ. ರಕ್ತಸ್ರಾವದೊಂದಿಗೆ ಬಂದವರನ್ನು ಮನೆಗೆ ಕಳಿಸಬಹುದೋ, ದಾಖಲಿಸಬೇಕೋ ಎಂದು ನಿರ್ಧರಿಸಲು ಜಗತ್ತಿನಾದ್ಯಂತ ಬಳಸುವ ಈ ಪಟ್ಟಿಯಲ್ಲಿ ಗರಿಷ್ಠ ಅಂಕ 23, ಸೊನ್ನೆ ಅಥವಾ 1 ಬಂದವರನ್ನು ಮನೆಗೆ ಕಳಿಸಬಹುದು. ಹಿಮೋಗ್ಲೋಬಿನ್ 10ಕ್ಕಿಂತ ಕಡಿಮೆ ಇದ್ದರೆ 6 ಅಂಕ. ಯೂರಿಯಾ ನಮ್ಮ ಲ್ಯಾಬುಗಳ ಲೆಕ್ಕದಲ್ಲಿ ಡೆಸಿಲೀಟರಿಗೆ ಸುಮಾರು 150 ಮಿಲಿಗ್ರಾಂ ಮುಟ್ಟಿದರೆ ಇನ್ನೂ 6 ಅಂಕ. ಕೊನೆಯ ಹಂತದ ಒಬ್ಬ ರೋಗಿ, ಹಿಮೋಗ್ಲೋಬಿನ್ 9, ಯೂರಿಯಾ 160, ಒಂದು ತೊಟ್ಟು ರಕ್ತವೂ ಸೋರದೆ ತನ್ನ ಮಾಮೂಲಿ ಸ್ಥಿತಿಯಲ್ಲೇ ಕುಳಿತಿದ್ದರೂ, ಈ ಪಟ್ಟಿ ಅವನಿಗೆ 12 ಅಂಕ ಕೊಡುತ್ತದೆ. ಹೃದಯ ವೈಫಲ್ಯವೂ ಇದ್ದರೆ ಇನ್ನೆರಡು. ಅಂದರೆ ಪಟ್ಟಿಯ ಅಂಕವು ಅವನಲ್ಲಿ ರಕ್ತಸ್ರಾವದ ತೀವ್ರತೆಯನ್ನಲ್ಲ, ಮೂತ್ರಪಿಂಡದ ಸೋಲನ್ನೇ ಬಹುಪಾಲು ಅಳೆಯುತ್ತಿದೆ. ಹೀಗೆಂದು ಅವನನ್ನು ಮನೆಗೆ ಕಳಿಸಿಬಿಡಬಹುದು ಎಂದಲ್ಲ. ಒಟ್ಟು ಅಂಕಕ್ಕಿಂತ, ಹೋದ ತಿಂಗಳ ಹಿಮೋಗ್ಲೋಬಿನ್ ಎಷ್ಟಿತ್ತು, ಇಂದು ಎಷ್ಟಿದೆ ಎಂಬ ವ್ಯತ್ಯಾಸವೇ ಹೆಚ್ಚು ಹೇಳುತ್ತದೆ.

ರಕ್ತ ಸೋರುವುದರಿಂದ ಮೂತ್ರಪಿಂಡಕ್ಕೆ ಬೀಳುವ ಪೆಟ್ಟೂ ಚಿಕ್ಕದಲ್ಲ. ಒತ್ತಡ ಕುಸಿದಾಗ ಅಳಿದುಳಿದ ಸೋಸುವ ಘಟಕಗಳಿಗೆ ರಕ್ತ ಸಾಲದಾಗಿ, 3 ಅಥವಾ 4ನೆಯ ಹಂತದಲ್ಲಿದ್ದವರು ಕೆಲವೇ ದಿನಗಳಲ್ಲಿ ಡಯಾಲಿಸಿಸ್ ಮೆಟ್ಟಿಲಿಗೆ ಬರಬಹುದು. ರಕ್ತದೊತ್ತಡ ಇಳಿಸುವ ರಾಮಿಪ್ರಿಲ್, ಟೆಲ್ಮಿಸಾರ್ಟನ್ ಗುಂಪಿನ ಮಾತ್ರೆಗಳನ್ನೂ ಮೂತ್ರ ಹೆಚ್ಚಿಸುವ ಮಾತ್ರೆಗಳನ್ನೂ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ನನ್ನೂ ಆಸ್ಪತ್ರೆಯಲ್ಲಿ ತಾತ್ಕಾಲಿಕವಾಗಿ ನಿಲ್ಲಿಸುವುದು ಇದಕ್ಕಾಗಿ. ಕರುಳಿನಲ್ಲಿ ಜೀರ್ಣವಾಗುವ ಕೆಂಪು ಕಣಗಳೊಳಗಿನ ಪೊಟ್ಯಾಸಿಯಂ ಸಹ ರಕ್ತಕ್ಕೆ ಸೇರುತ್ತದೆ, ಅದನ್ನು ಹೊರಹಾಕಲು ಮೂತ್ರಪಿಂಡಕ್ಕೆ ಶಕ್ತಿಯಿರುವುದಿಲ್ಲ. ಪೊಟ್ಯಾಸಿಯಂ ಮಿತಿಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ.

ಹಾಗಾದರೆ ಕೂಡಲೇ ನಾಲ್ಕು ಬಾಟಲಿ ರಕ್ತ ಕೊಡಬಾರದೇಕೆ ಎಂದು ಮನೆಯವರು ಕೇಳುತ್ತಾರೆ. ಧಾರಾಳವಾಗಿ ರಕ್ತ ಕೊಡುವುದು ಒಳ್ಳೆಯದೆಂಬ ನಂಬಿಕೆಗೆ ಪೆಟ್ಟು ಬಿದ್ದದ್ದು 2013ರಲ್ಲಿ, ಬಾರ್ಸಿಲೋನಾದ ವೈದ್ಯರು ಜೀರ್ಣಾಂಗದ ಮೇಲ್ಭಾಗದಲ್ಲಿ ರಕ್ತಸ್ರಾವವಾಗಿದ್ದ 921 ರೋಗಿಗಳ ಮೇಲೆ ನಡೆಸಿದ ಪ್ರಯೋಗದಿಂದ. ಹಿಮೋಗ್ಲೋಬಿನ್ 7ಕ್ಕಿಂತ ಇಳಿದಾಗ ಮಾತ್ರ ರಕ್ತ ಕೊಟ್ಟ ಗುಂಪಿನಲ್ಲಿ 6 ವಾರಗಳ ನಂತರ ಶೇ 95ರಷ್ಟು ಜನ ಬದುಕಿದ್ದರು, 9ಕ್ಕಿಂತ ಇಳಿದೊಡನೆ ಕೊಟ್ಟ ಗುಂಪಿನಲ್ಲಿ ಶೇ 91. ಮೂತ್ರಪಿಂಡ ರೋಗಿಗಳಿಗೆ ಈ ಜಿಪುಣತನ ಇನ್ನೂ ಹೆಚ್ಚಿನ ಕಾರಣಗಳಿಗೆ ಬೇಕು. ಮೂತ್ರ ಬರದವರಲ್ಲಿ ಹೆಚ್ಚಿದ ದ್ರವ ಶ್ವಾಸಕೋಶಕ್ಕೆ ನುಗ್ಗುತ್ತದೆ. ಶೇಖರಿಸಿಟ್ಟ ರಕ್ತದಲ್ಲಿ ದಿನ ಕಳೆದಂತೆ ಪೊಟ್ಯಾಸಿಯಂ ಹೆಚ್ಚಿರುತ್ತದೆ. ಮೂರನೆಯ ಕಾರಣ ಹೊರಗೆ ಕಾಣುವುದಿಲ್ಲ, ಆದರೆ ವರ್ಷಗಳ ನಂತರ ಕಾಡುತ್ತದೆ: ಬೇರೆಯವರ ರಕ್ತದಲ್ಲಿರುವ ಕಣಗಳ ಗುರುತುಗಳ ವಿರುದ್ಧ ದೇಹ ಪ್ರತಿಕಾಯಗಳನ್ನು ತಯಾರಿಸಿಕೊಂಡರೆ, ಮುಂದೆ ಹೊಂದುವ ಮೂತ್ರಪಿಂಡ ಸಿಗುವುದೇ ಕಷ್ಟವಾಗುತ್ತದೆ. ಆದ್ದರಿಂದ ಕಸಿಗೆ ಕಾಯುತ್ತಿರುವವರಿಗೆ ಬಿಳಿ ಕಣಗಳನ್ನು ಸೋಸಿ ತೆಗೆದ ರಕ್ತವನ್ನು, ಸಾಧ್ಯವಾದರೆ ಡಯಾಲಿಸಿಸ್ ನಡೆಯುತ್ತಿರುವಾಗಲೇ, ಕೊಡುತ್ತಾರೆ. ಆಗ ಹೆಚ್ಚಾದ ನೀರನ್ನೂ ಪೊಟ್ಯಾಸಿಯಮ್ಮನ್ನೂ ಯಂತ್ರ ತೆಗೆದುಹಾಕುತ್ತದೆ. ಹೃದ್ರೋಗವಿದ್ದವರಲ್ಲಿ 7ರ ಗೆರೆಯನ್ನು 8ಕ್ಕೆ ಏರಿಸುವುದುಂಟು. ರಕ್ತ ಧಾರೆಯಾಗಿ ಹೋಗುತ್ತಿದ್ದರೆ ಈ ಯಾವ ಗೆರೆಗೂ ಕಾಯುವಂತಿಲ್ಲ.

ಪ್ಲೇಟ್‌ಲೆಟ್‌ಗಳ ಆಲಸ್ಯಕ್ಕೆ ಮದ್ದಿದೆ. ಡೆಸ್ಮೊಪ್ರೆಸಿನ್ ಎಂಬ ಔಷಧ ಇಂಥ ರೋಗಿಗಳಲ್ಲಿ ರಕ್ತ ನಿಲ್ಲುವ ಸಮಯವನ್ನು ತಗ್ಗಿಸುತ್ತದೆ ಎಂದು ಇಟಲಿಯ ಮನ್ನುಚ್ಚಿ, ರೆಮುಝಿ ಮತ್ತು ಸಂಗಡಿಗರು 1983ರಲ್ಲಿ ತೋರಿಸಿದರು. ಅದು ರಕ್ತನಾಳದ ಒಳಪದರದಲ್ಲಿ ದಾಸ್ತಾನಾಗಿರುವ ವಾನ್ ವಿಲ್ಲೆಬ್ರಾಂಡ್ ಅಂಶವನ್ನು ಹೊರಗೆಳೆಯುತ್ತದೆ. ಒಂದು ಗಂಟೆಯೊಳಗೆ ಪರಿಣಾಮ ಕಾಣಿಸಿ ಕೆಲವು ಗಂಟೆಗಳ ಕಾಲ ಉಳಿಯುತ್ತದೆ. ಆದರೆ ಪದೇ ಪದೇ ಕೊಟ್ಟರೆ ದಾಸ್ತಾನು ಬರಿದಾಗಿ ಮದ್ದು ಕೈಕೊಡುತ್ತದೆ, ಆದ್ದರಿಂದ ಎಂಡೋಸ್ಕೋಪಿಗೆ ಮುಂಚಿನ ಹೊತ್ತನ್ನು ಇದಕ್ಕೆ ಆರಿಸಿಕೊಳ್ಳುವುದು ಜಾಣತನ. ಡಯಾಲಿಸಿಸ್‌ನಿಂದಲೂ ಪ್ಲೇಟ್‌ಲೆಟ್‌ಗಳ ಕೆಲಸ ಒಂದಷ್ಟು ಸುಧಾರಿಸುತ್ತದೆ, ಆದರೆ ಆ ದಿನಗಳಲ್ಲಿ ಹೆಪಾರಿನ್ ಬಳಸದೆ, ನಡುನಡುವೆ ಸಲೈನ್ ಹಾಯಿಸಿ ಕೊಳವೆಗಳನ್ನು ಕಾಪಾಡಿಕೊಳ್ಳಬೇಕಾಗುತ್ತದೆ. ರಕ್ತ ನಿಲ್ಲಿಸಲು ಎಲ್ಲೆಡೆ ಕೊಡುವ ಟ್ರಾನೆಕ್ಸಾಮಿಕ್ ಆಮ್ಲದ ಬಗ್ಗೆ ಎಚ್ಚರ ಬೇಕು. 15 ದೇಶಗಳ 12 ಸಾವಿರ ರೋಗಿಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಹಾಲ್ಟ್-ಐಟಿ ಪ್ರಯೋಗದಲ್ಲಿ ಅದು ಜೀರ್ಣಾಂಗದ ರಕ್ತಸ್ರಾವದಿಂದಾಗುವ ಸಾವನ್ನು ಕಡಿಮೆ ಮಾಡಲಿಲ್ಲ, ಬದಲಿಗೆ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವುದೂ ಸೆಳವೂ (ಫಿಟ್ಸ್) ಹೆಚ್ಚಾದವು. ಮೂತ್ರಪಿಂಡದ ಮೂಲಕವೇ ಹೊರಹೋಗಬೇಕಾದ ಔಷಧ ಅದಾದ್ದರಿಂದ ಇವರಲ್ಲಿ ಸೆಳವಿನ ಭಯ ಮತ್ತೂ ಹೆಚ್ಚು.

ಸಣ್ಣದೆಂದು ತೋರುವ ಆಯ್ಕೆಗಳಲ್ಲೂ ಇದೇ ಎಚ್ಚರ ಬೇಕು. ಕೊಲೊನೋಸ್ಕೋಪಿಗೆ ಮುಂಚೆ ಹೊಟ್ಟೆ ತೊಳೆಯಲು ಸೋಡಿಯಂ ಫಾಸ್ಫೇಟ್ ದ್ರಾವಣ ಕುಡಿಸಿದರೆ ಫಾಸ್ಫೇಟ್ ಮೂತ್ರಪಿಂಡದೊಳಗೇ ಹರಳುಗಟ್ಟಿ ಅದನ್ನು ಕೆಡಿಸಬಹುದು, ಇವರಿಗೆ ಪಾಲಿಎಥಿಲಿನ್ ಗ್ಲೈಕಾಲ್ ದ್ರಾವಣವೇ ಸರಿ. ಹುಣ್ಣಿಗೆ ಕೊಡುವ ಸುಕ್ರಾಲ್ಫೇಟ್‌ನಲ್ಲಿ ಅಲ್ಯೂಮಿನಿಯಂ ಇದೆ, ಬಹುಕಾಲ ಕೊಟ್ಟರೆ ಶೇಖರವಾಗುತ್ತದೆ. ಜಠರದ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಗುಂಪಿನ ಔಷಧಗಳ ಪ್ರಮಾಣವನ್ನು ಮೂತ್ರಪಿಂಡಕ್ಕಾಗಿ ಇಳಿಸಬೇಕಿಲ್ಲ. ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿ ರೋಗಾಣು ಸಿಕ್ಕಿದರೆ ಅದನ್ನು ನಿರ್ಮೂಲ ಮಾಡಬೇಕು, ಆದರೆ ಆ್ಯಂಟಿಬಯೋಟಿಕ್‌ಗಳ ಪ್ರಮಾಣ ನೋಡಿಕೊಳ್ಳಬೇಕು. ಕಸಿ ಮಾಡಿಸಿಕೊಂಡು, ಹೊಸ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಿರಲೆಂದು ಟ್ಯಾಕ್ರೊಲಿಮಸ್ ತೆಗೆದುಕೊಳ್ಳುವವರಿಗೆ ಇವುಗಳಲ್ಲೊಂದಾದ ಕ್ಲಾರಿಥ್ರೊಮೈಸಿನ್ ಕೊಟ್ಟರೆ ಟ್ಯಾಕ್ರೊಲಿಮಸ್ ಮಟ್ಟ ಅಪಾಯದ ಮಟ್ಟಕ್ಕೆ ಜಿಗಿಯುತ್ತದೆ.

ರಕ್ತ ನಿಂತ ಮೇಲೆ ಉಳಿಯುವ ಕಠಿಣ ಪ್ರಶ್ನೆ ಆಸ್ಪಿರಿನ್ ಮತ್ತೆ ಶುರುಮಾಡುವುದು. ಸ್ಟೆಂಟ್ ಇರುವವರು, ಹೃದಯಾಘಾತವಾದವರು ಹೆದರಿಕೊಂಡು ಶಾಶ್ವತವಾಗಿ ಬಿಟ್ಟುಬಿಟ್ಟರೆ ಹೃದಯದ ಕಡೆಯಿಂದ ಪ್ರಾಣಕ್ಕೆ ಕುತ್ತು ಬರಬಹುದು, ಅವರಲ್ಲಿ ರಕ್ತ ನಿಂತದ್ದು ಖಚಿತವಾದ ಕೆಲವೇ ದಿನಗಳಲ್ಲಿ ಪ್ಯಾಂಟೊಪ್ರಜೋಲ್‌ನಂಥ ಔಷಧದ ರಕ್ಷಣೆಯೊಂದಿಗೆ ಆಸ್ಪಿರಿನ್ ಮರಳಿ ಆರಂಭಿಸುತ್ತಾರೆ. ಹೃದ್ರೋಗವೇ ಇಲ್ಲದೆ ‘ಮುಂಜಾಗ್ರತೆಗೆ’ ಎಂದು ತೆಗೆದುಕೊಳ್ಳುತ್ತಿದ್ದವರು ಅದನ್ನು ಬಿಡುವುದೇ ಲೇಸು. ಈ ತೀರ್ಮಾನವನ್ನು ಹೃದ್ರೋಗ, ಮೂತ್ರಪಿಂಡ ಮತ್ತು ಜೀರ್ಣಾಂಗ ತಜ್ಞರು ಒಟ್ಟಾಗಿ ತೆಗೆದುಕೊಳ್ಳಬೇಕು. ನಮ್ಮಲ್ಲಿ ಮೂವರ ಚೀಟಿಗಳೂ ಬೇರೆ ಬೇರೆ ಫೈಲಿನಲ್ಲಿರುವುದೇ ಹೆಚ್ಚು.

ರಾತ್ರಿ ಹೊತ್ತಿನಲ್ಲಿ ಕಪ್ಪು ಮಲ ಅಥವಾ ರಕ್ತವಾಂತಿ ಎಂದು ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗುವಾಗ ಆ ಫೈಲುಗಳೆಲ್ಲವನ್ನೂ ಒಯ್ಯಬೇಕು. ಕಳೆದ ತಿಂಗಳ ಹಿಮೋಗ್ಲೋಬಿನ್ ಮತ್ತು ಕ್ರಿಯಾಟಿನಿನ್, ಕೊನೆಯ ಡಯಾಲಿಸಿಸ್ ಯಾವಾಗ ಆಯಿತು ಮತ್ತು ಅದರಲ್ಲಿ ಹೆಪಾರಿನ್ ಕೊಟ್ಟರೇ, ನೀರು ತೆಗೆದ ಮೇಲಿನ ತೂಕ ಎಷ್ಟು, ಕಸಿಗೆ ಹೆಸರು ನೋಂದಾಯಿಸಿದೆಯೇ, ವಾರದೊಳಗೆ ಯಾವುದಾದರೂ ನೋವಿನ ಮಾತ್ರೆ ನುಂಗಿದ್ದೀರಾ ಎಂಬುದಕ್ಕೆ ಉತ್ತರ ಸಿದ್ಧವಿದ್ದರೆ ಕರ್ತವ್ಯದಲ್ಲಿರುವ ವೈದ್ಯರ ಕೆಲಸ ಬಹಳಷ್ಟು ಹಗುರಾಗುತ್ತದೆ. ಡಯಾಲಿಸಿಸ್‌ಗಾಗಿ ಫಿಸ್ಟುಲಾ (ಅಪಧಮನಿಗೂ ಅಭಿಧಮನಿಗೂ ಹಾಕಿದ ಜೋಡಣೆ) ಮಾಡಿರುವ ತೋಳಿನಲ್ಲಿ ಡ್ರಿಪ್ ಸೂಜಿ ಚುಚ್ಚಬಾರದು, ಬಿಪಿ ಪಟ್ಟಿಯನ್ನೂ ಕಟ್ಟಬಾರದು ಎಂದು ದಾಖಲಾಗುವಾಗಲೇ ಹೇಳಿಬಿಡಬೇಕು. ಒತ್ತಡ ಕುಸಿದಾಗ ಫಿಸ್ಟುಲಾದೊಳಗೆ ರಕ್ತ ಹೆಪ್ಪುಗಟ್ಟಿ ಅದು ನಿಂತುಹೋಗುವ ಸಂಭವವಿರುವುದರಿಂದ, ರಕ್ತಸ್ರಾವ ಹತೋಟಿಗೆ ಬಂದ ಮೇಲೂ ಅದರ ಮೇಲೆ ಬೆರಳಿಟ್ಟು ಜುಮ್ಮೆನ್ನುವ ಕಂಪನ ಇದೆಯೇ ಎಂದು ದಿನಕ್ಕೆ ಕೆಲವು ಸಲ ನೋಡಿಕೊಳ್ಳಬೇಕು. ಕಂಪನ ಸಿಗದಿದ್ದರೆ ಅಂದೇ ವೈದ್ಯರಿಗೆ ತಿಳಿಸಬೇಕು. ತಡವಾದಷ್ಟೂ ಅದನ್ನು ಉಳಿಸಿಕೊಳ್ಳುವುದು ಕಷ್ಟ.